ತೋಳದ ರೀಲ್ ಅಳಿಸಿ, ಕೆರೆಯ ಲೆಕ್ಕ ಇಡಿ

ಪ್ರಶ್ನೆ: ಸರ್, ನಾನು ಗಂಗಾವತಿ ಹತ್ತಿರದ ಹಳ್ಳಿಯವನು, ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಭಾನುವಾರ ಬಂತೆಂದರೆ ನಾವು ಐದು ಜನ ಗೆಳೆಯರು ಕೆರೆ, ಗುಡ್ಡ, ಹೊಳೆ ದಂಡೆ ಅಂತ ಸುತ್ತುತ್ತೇವೆ. ಹಕ್ಕಿ, ಪ್ರಾಣಿಗಳ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತೇವೆ. ಹೋದ ತಿಂಗಳು ತೋಳದ ಮರಿಗಳ ರೀಲ್ ಹಾಕಿದೆವು, ಲಕ್ಷಕ್ಕೂ ಜಾಸ್ತಿ ಜನ ನೋಡಿದರು. ನಮ್ಮೂರ ಹಿರಿಯರೊಬ್ಬರು ‘ಮೊದಲು ಅದನ್ನ ತೆಗೀರೋ’ ಅಂತ ಬೈದರು. ನಾವು ಮಾಡಿದ್ದು ತಪ್ಪಾ? ಕಂಡ ಹಕ್ಕಿ, ಪ್ರಾಣಿಗಳನ್ನು ದಾಖಲಿಸುವ ಇ-ಬರ್ಡ್, ಐ-ನ್ಯಾಚುರಲಿಸ್ಟ್ ಆ್ಯಪ್‌ಗಳಿಗೆ ಹಾಕಿದರೆ ನಮ್ಮ ಕೆರೆಗೆ ನಿಜವಾಗಿ ಏನಾದರೂ ಉಪಯೋಗ ಆಗುತ್ತಾ? ನಮ್ಮ ಹತ್ತಿರ ದೊಡ್ಡ ಕ್ಯಾಮೆರಾ ಇಲ್ಲ, ಮೊಬೈಲ್ ಅಷ್ಟೇ.

ಉತ್ತರ: ಮೊದಲು ರೀಲ್ ವಿಷಯ ಮುಗಿಸೋಣ. ಹೌದು, ತಪ್ಪಾಗಿದೆ. ಈಗಲೇ ಅಳಿಸಿ, ಆಮೇಲೆ ಮುಂದೆ ಓದಿ. ಬೈದ ಹಿರಿಯರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

‘ಜಾಗದ ಹೆಸರು ಹಾಕಿಲ್ಲವಲ್ಲ ಸರ್’ ಅಂತ ನೀವು ಕೇಳಬಹುದು. ನೀವು ಕಳಿಸಿದ ಲಿಂಕ್ ತೆಗೆದು ನೋಡಿದೆ. ಮರಿಗಳ ಹಿಂದೆ ಎರಡು ಬಂಡೆ, ಅದರಾಚೆ ಗುಡ್ಡದ ಮೇಲೊಂದು ಗುಡಿ, ಎಡಕ್ಕೆ ಮೊಬೈಲ್ ಟವರ್. ಆ ಕಡೆ ಕುರಿ ಮೇಯಿಸುವ ಯಾವ ಹುಡುಗನಿಗೆ ತೋರಿಸಿದರೂ ಜಾಗ ಹೇಳಿಬಿಡುತ್ತಾನೆ. ಹೆಸರು ಯಾಕೆ ಬೇಕು?

ಬಿಲದ ಹತ್ತಿರ ಜನರ ಓಡಾಟ ಜಾಸ್ತಿಯಾದರೆ ತಾಯಿ ತೋಳ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಒಂದು ಮರಿ ಅಲ್ಲಿ, ಉಳಿದವು ಇಲ್ಲಿ. ಆ ಹೊತ್ತಿನಲ್ಲಿ ಊರ ನಾಯಿಗಳು ಬಂದರೆ ಮುಗಿಯಿತು. ನೋಡಲು ಹೋಗುವವರ ಹಿಂದೆ ನಾಯಿ ಹೋಗುವುದೂ, ನಾಯಿಯ ಜೊತೆ ಅದರ ರೋಗ ಹೋಗುವುದೂ ಉಂಟು. ಇನ್ನು ವಾರದ ಹಿಂದಷ್ಟೇ ನಾಲ್ಕು ಕುರಿ ಕಳೆದುಕೊಂಡವನ ಮೊಬೈಲಿಗೂ ನಿಮ್ಮ ರೀಲ್ ಹೋಗುತ್ತದೆ. ಬಿಲಕ್ಕೆ ಹೊಗೆ ಹಾಕಿ ಬಾಯಿಗೆ ಕಲ್ಲು ಮುಚ್ಚುವ ಪದ್ಧತಿ ನಮ್ಮ ಕಡೆಗೆ ಹೊಸದೇನಲ್ಲ. ಅವನ ನಷ್ಟ ಸುಳ್ಳಲ್ಲ, ಅದನ್ನೂ ಮರೆಯಬೇಡಿ.

ನಿಮ್ಮ ಕಡೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಅಭಯಾರಣ್ಯ ಆಗಿದೆ, ಸುಮಾರು 332 ಎಕರೆ. ಹೊಲದ ಲೆಕ್ಕದಲ್ಲಿ ನೋಡಿದರೆ ಬಹಳ ದೊಡ್ಡದು. ತೋಳಕ್ಕೆ ಅದು ಅಂಗಳ ಅಷ್ಟೇ. ರಾತ್ರಿಯಾದರೆ ಅದರ ತಿರುಗಾಟ ಮಸಾರಿ ಹೊಲ, ಬೀಳು, ಕುರಿಹಟ್ಟಿ ಎಲ್ಲ ಕಡೆ. ಹಾಗಾಗಿ ಬೇಲಿಯ ಒಳಗಿನ ತೋಳವನ್ನು ಇಲಾಖೆ ಕಾಯಬಹುದು. ಬೇಲಿಯ ಹೊರಗಿನದನ್ನು ಕಾಯುವುದು ನೀವು, ನಿಮ್ಮೂರ ಕುರಿಗಾಹಿಗಳು, ಮತ್ತು ನಿಮ್ಮೆಲ್ಲರ ಬಾಯಿ ಬಿಗಿ.

ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗೆ ಬಂದದ್ದು ಇದೇ ತಪ್ಪು ನಾನೂ ಮಾಡಿದ್ದರಿಂದ. ತುಂಗಭದ್ರೆಯ ನೀರುನಾಯಿಗಳಿಗೆ 2015ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಮುದ್ಲಾಪುರ ಸೇತುವೆಯಿಂದ ಕಂಪ್ಲಿ ಸೇತುವೆಯವರೆಗೆ 34 ಕಿ.ಮೀ. ಹೊಳೆ. ಅದಕ್ಕೂ ಮೊದಲಿನ ಮಾತಿದು. ಆನೆಗೊಂದಿ ಕಡೆ ಬಂಡೆ ಸಂದಿಯಲ್ಲಿ ನೀರುನಾಯಿ ಸಂಸಾರ ಕಂಡು, ಕುಣಿದಾಡಿ, ಫೋಟೋ ಸಮೇತ ಜಾಗದ ವಿವರವನ್ನೂ ಬರೆದು ಫೇಸ್‌ಬುಕ್ಕಿಗೆ ಹಾಕಿದೆ. ಎರಡು ವಾರ ಬಿಟ್ಟು ಹೋದರೆ ಅಲ್ಲಿ ಬಿಸ್ಕತ್ ಪ್ಯಾಕೆಟ್ಟು, ಬಾಟಲಿ, ಒಲೆ ಹಾಕಿದ ಮೂರು ಕಲ್ಲು. ನೀರುನಾಯಿ ಇರಲಿಲ್ಲ. ಹರಿಗೋಲು ಹಾಕುವ ಅಜ್ಜ ಒಬ್ಬರು ‘ನೀವೇ ಅಲ್ಲೇನ್ರಿ ಅವತ್ತು ಬಂದೋರು’ ಅಂತ ಕೇಳಿದರು. ನಾನು ಅಲ್ಲ ಅಂದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಮತ್ತೆ ತೋಳದ ಬಿಲ ಕಂಡರೆ ಏನು ಮಾಡಬೇಕು? ತಿರುಗಿ ಬನ್ನಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ, ಇಲ್ಲವೇ ನಿಮ್ಮ ವಲಯದ ಕಚೇರಿಗೆ ಒಬ್ಬರೇ ಹೋಗಿ ಹೇಳಿ. ಮರಿಗಳು ದೊಡ್ಡವಾಗಿ ಆ ಜಾಗ ಬಿಡುವವರೆಗೆ ಆ ಕಡೆ ತಲೆ ಹಾಕಬೇಡಿ. ಐ-ನ್ಯಾಚುರಲಿಸ್ಟ್‌ಗೆ ಹಾಕಲೇಬೇಕು ಅನಿಸಿದರೆ ಒಂದು ಸೂಕ್ಷ್ಮ ತಿಳಿದಿರಲಿ. ಅಳಿವಿನ ಅಂಚಿನ ಜೀವಿಗಳ ಜಾಗವನ್ನು ಆ ಆ್ಯಪ್ ತಾನಾಗಿಯೇ ಮಸುಕು ಮಾಡುತ್ತದೆ. ನಿಖರ ಜಾಗದ ಬದಲು ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ತೋರಿಸುತ್ತದೆ. ಆದರೆ ನಮ್ಮ ತೋಳವೂ ಸೇರುವ ಬೂದು ತೋಳ ಅನ್ನುವುದು ಯುರೋಪು, ಅಮೆರಿಕ ಎಲ್ಲ ಸೇರಿಸಿ ನೋಡಿದರೆ ಅಪಾಯದಲ್ಲಿರುವ ಪ್ರಾಣಿ ಅಲ್ಲ. ನಮ್ಮ ಬಯಲುಸೀಮೆಯ ತೋಳದ ಕಥೆಯೇ ಬೇರೆ. ಹಾಗಾಗಿ ಆ್ಯಪ್ ಮುಚ್ಚುತ್ತದೆ ಅಂತ ನಂಬಿ ಕೂರಬೇಡಿ, ಸೆಟ್ಟಿಂಗ್‌ನಲ್ಲಿ ಜಾಗವನ್ನು ನೀವೇ ಮರೆಮಾಡಿ. ಗುಡಿ, ಟವರ್ ಕಾಣುವ ಫೋಟೋ ಬೇಡವೇ ಬೇಡ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೋದ ಒಳಗೆ ಜಾಗದ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದಾಗ ಅದು ಉದುರಿಹೋಗುತ್ತದೆ. ಕ್ಲಿಯರ್ ಆಗಿ ಬರಲಿ ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಹಾಗೇ ಹೋಗುತ್ತದೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಎರಿ ಹೊಲಗಳಲ್ಲಿ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇರುವುದನ್ನು ನೀವು ಕೇಳಿರಬಹುದು. ಇಡೀ ದೇಶದ ಬಯಲಿನಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ಅದೇನಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಆ್ಯಪೂ ಬೇಡ, ಗೆಳೆಯರ ಗ್ರೂಪೂ ಬೇಡ. ನೇರ ಇಲಾಖೆಗೆ ಹೇಳಿ, ಸುಮ್ಮನಾಗಿ.

ಈಗ ಕೆರೆಗೆ ಬರೋಣ. ನಿಜವಾದ ಕೆಲಸ ಇರುವುದು ಇಲ್ಲಿ.

ನಿಮ್ಮ ಇನ್‌ಸ್ಟಾಗ್ರಾಂ ಖಾತೆ ಪೂರ್ತಿ ನೋಡಿದೆ. ರಾಜಹಂಸ ಇದೆ, ಬಣ್ಣದ ಕೊಕ್ಕರೆ ಇದೆ, ಸೂರ್ಯ ಮುಳುಗುವಾಗ ಹಾರುವ ಬೆಳ್ಳಕ್ಕಿ ಸಾಲು ಇದೆ. ಚೆನ್ನಾಗಿವೆ. ಆದರೆ ನಿಮ್ಮ ಕೆರೆಯಲ್ಲಿ ದಿನಾ ಇರುವ ನಾಮದ ಕೋಳಿ ಒಂದೂ ಇಲ್ಲ. ಗುಳುಮುಳುಕ ಇಲ್ಲ. ಮುಖ್ಯವಾಗಿ, ಏನೂ ಕಾಣದೆ ವಾಪಸ್ ಬಂದ ಭಾನುವಾರಗಳು ಇಲ್ಲವೇ ಇಲ್ಲ. ಹತ್ತು ವರ್ಷ ಬಿಟ್ಟು ಯಾರಾದರೂ ‘ಆಗ ಈ ಕೆರೆ ಹೇಗಿತ್ತು?’ ಅಂತ ಕೇಳಿದರೆ ನಿಮ್ಮ ಖಾತೆ ಹೇಳುವುದು ಇಷ್ಟೇ: ಒಂದು ಸಲ ರಾಜಹಂಸ ಬಂದಿತ್ತು.

ನನ್ನ ಗತಿಯೂ ಇದೇ ಆಗಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಮೇಲೆ ದಿನಗಟ್ಟಲೆ ಹೊಳೆಗೆ ರಭಸದ ನೀರು ಬಿಟ್ಟರು. ನೀರು ಇಳಿದ ಮೇಲೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಫೋನ್ ಮಾಡಿ, ದಂಡೆಯ ಯಾವ ಯಾವ ಬಂಡೆಗಳ ಮೇಲೆ ಮೊದಲು ನೀರುನಾಯಿ ಹಿಕ್ಕೆ ಸಿಗುತ್ತಿತ್ತು, ತಿಂಗಳಿಗೆ ಎಷ್ಟು ಸಲ, ಅಂತ ಕೇಳಿದಳು. ಇಷ್ಟು ವರ್ಷ ಓಡಾಡಿದ ನನ್ನ ಹತ್ತಿರ ಇದ್ದದ್ದು ಚೆಂದದ ಫೋಟೋಗಳು, ಅಲ್ಲೊಂದು ಇಲ್ಲೊಂದು ಟಿಪ್ಪಣಿ. ಮೀನಿನ ಪೊರೆ ತುಂಬಿದ ಹಿಕ್ಕೆಯ ಫೋಟೋ ಯಾರು ತೆಗೆಯುತ್ತಾರೆ ಹೇಳಿ? ಬೇಕಾಗಿದ್ದದ್ದು ಅದೇ.

ಇ-ಬರ್ಡ್ ಅನ್ನು ನಾನು ಜಾಸ್ತಿ ಹೊಗಳುವುದು ಈ ಕಾರಣಕ್ಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಶುರು ಮಾಡಿದ್ದು ಅದು. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಬಳಗ ಅದನ್ನು ನೋಡಿಕೊಳ್ಳುತ್ತದೆ. ಆ್ಯಪ್ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಂದರೆ ಅದು ಪೂರ್ಣ ಪಟ್ಟಿ. ಇದರ ಬೆಲೆ ಎಲ್ಲಿದೆ ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ಇಬ್ಬರು, ಒಂದು ಗಂಟೆ, ಈ ಏರಿಯ ಮೇಲೆ ನಿಂತು ನೋಡಿದರು, ವರಟೆ ಬಾತು ಕಾಣಲಿಲ್ಲ. ಇದು ಒಂದು ಸಂಗತಿ. ರೀಲ್‌ನಲ್ಲಿ ಇದನ್ನು ಹೇಳಲಾಗುವುದಿಲ್ಲ. ‘ಇಲ್ಲ’ ಅನ್ನುವುದನ್ನು ಯಾರು ಲೈಕ್ ಮಾಡುತ್ತಾರೆ?

ಮಾಡುವ ರೀತಿ ಸರಳ. ಒಂದೇ ಕೆರೆ ಹಿಡಿಯಿರಿ. ಏರಿಯ ಮೇಲೆ ತೂಬಿನ ಹತ್ತಿರ ಒಂದು ಜಾಗ, ಕೋಡಿಯ ಹತ್ತಿರ ಇನ್ನೊಂದು. ಪ್ರತಿ ಸಲ ಅವೇ ಎರಡು. ಒಂದೊಂದು ಕಡೆ ಕನಿಷ್ಠ 15 ನಿಮಿಷ, ಒಂದೊಂದು ಪಟ್ಟಿ. ಹೊರಡುವಾಗ ಆ್ಯಪ್ ಆನ್ ಮಾಡಿದರೆ ಸಮಯ, ದೂರ ಅದೇ ಬರೆದುಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಮನೆಗೆ ಬಂದು ಕಳಿಸಿದರಾಯಿತು. ಐದು ಜನ ಐದು ಪಟ್ಟಿ ಮಾಡಬೇಡಿ. ಒಬ್ಬ ಬರೆಯಲಿ, ಉಳಿದವರು ನೋಡಲಿ, ಆಮೇಲೆ ಆ ಒಂದೇ ಪಟ್ಟಿಯನ್ನು ಆ್ಯಪ್‌ನಲ್ಲೇ ಹಂಚಿಕೊಳ್ಳಿ. ಇಲ್ಲದಿದ್ದರೆ ಮೂವತ್ತು ಬಾತು ನೂರೈವತ್ತು ಆಗಿಬಿಡುತ್ತವೆ.

ದೊಡ್ಡ ಗುಂಪು ಎಣಿಸುವುದು ಹೇಗೆ? ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಿಗೆ ಅಂದಾಜು ಸಿಗುತ್ತದೆ. ಗುಂಪಿನಲ್ಲಿ ಅಂಥ ಎಷ್ಟು ಹತ್ತುಗಳಿವೆ ನೋಡುತ್ತಾ ಹೋಗಿ. ಕುರಿ ಎಣಿಸುವವರನ್ನು ಕೇಳಿ, ಹಟ್ಟಿಯ ಬಾಗಿಲಲ್ಲಿ ನಿಂತು ಕ್ಷಣದಲ್ಲಿ ಲೆಕ್ಕ ಹೇಳುತ್ತಾರೆ. ಅವರ ಕಣ್ಣು ನಮ್ಮ ಡಿಗ್ರಿಗಿಂತ ಮೇಲು.

ಹೊತ್ತೂ ಒಂದೇ ಇರಬೇಕು. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೇ ತೆಗೆದುಕೊಳ್ಳಿ. ಅವು ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಕೆರೆಗೆ ವಾಪಸ್ ಬರುತ್ತವೆ. ಒಂದು ವಾರ ಬೆಳಿಗ್ಗೆ 6 ಗಂಟೆಗೆ ಹೋಗಿ ‘ಹತ್ತೇ ಇವೆ’ ಅಂತ ಬರೆದು, ಇನ್ನೊಂದು ವಾರ ಎದ್ದದ್ದು ತಡವಾಗಿ 11ಕ್ಕೆ ಹೋಗಿ ‘ಇನ್ನೂರು ಬಂದಿವೆ’ ಅಂತ ಬರೆದರೆ, ಅದು ಹೆಬ್ಬಾತಿನ ಲೆಕ್ಕವಲ್ಲ, ನಿಮ್ಮ ನಿದ್ದೆಯ ಲೆಕ್ಕ. ಅಂದಹಾಗೆ, ಯಾವುದಾದರೂ ಹೆಬ್ಬಾತಿನ ಕೊರಳಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಹಾಕಿದ ಅಂಥ ಪಟ್ಟಿಗಳ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಗುರುತು ತಪ್ಪಿದರೆ? ತಪ್ಪುತ್ತದೆ, ಪರವಾಗಿಲ್ಲ. ಆ ಜಾಗಕ್ಕೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನೋ ವಿಪರೀತ ಸಂಖ್ಯೆಯನ್ನೋ ಹಾಕಿದರೆ ಇ-ಬರ್ಡ್ ತಡೆದು ಕೇಳುತ್ತದೆ. ಆಮೇಲೆ ಒಬ್ಬ ಸ್ವಯಂಸೇವಕ ಪರಿಶೀಲಕರು ನಿಮಗೆ ಬರೆಯಬಹುದು. ಅದನ್ನು ಅವಮಾನ ಅಂತ ತಿಳಿಯಬೇಡಿ. ನನಗೂ ಬಂದಿವೆ, ಎರಡು ಸಲ ಅವರೇ ಸರಿ ಇದ್ದರು. ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳುತ್ತದೆ. ಕಲಿಯಲು ಬಹಳ ಒಳ್ಳೆಯದು. ಆದರೆ ಅದು ಹೇಳಿದ್ದನ್ನೆಲ್ಲ ಪಟ್ಟಿಗೆ ಹಾಕಬೇಡಿ. ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವ ಹಕ್ಕಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಕಾಜಾಣ ಒಂದೇ ಸಾಕು ಮರ್ಲಿನ್‌ಗೆ ಟೋಪಿ ಹಾಕಲು. ನಿಮ್ಮ ಕಣ್ಣು ಅಥವಾ ಕಿವಿ ಒಪ್ಪಿದರೆ ಮಾತ್ರ ಬರೆಯಿರಿ.

ಹಕ್ಕಿ ಬಿಟ್ಟು ಬೇರೆ ಎಲ್ಲಕ್ಕೂ, ಅಂದರೆ ಚಿಟ್ಟೆ, ಹಾವು, ಹೂವು, ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ನಕ್ಷತ್ರ ಆಮೆ, ಇವಕ್ಕೆ ಐ-ನ್ಯಾಚುರಲಿಸ್ಟ್ ಸಾಕು. ಫೋಟೋ, ದಿನಾಂಕ, ಜಾಗ ಇದ್ದರೆ ಆಯಿತು. ಗುರುತಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರು ಒಪ್ಪಿದರೆ ಅದು ಸಂಶೋಧನೆಗೆ ಯೋಗ್ಯ ಅನ್ನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೆ ‘ನಮ್ಮ ಕೆರೆಗೆ’ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಆ್ಯಪ್‌ಗೆ ಹಾಕಿದ ಮಾತ್ರಕ್ಕೆ ಏನೂ ಸಿಗುವುದಿಲ್ಲ. ದೇಶಕ್ಕೆ ಸಿಗುತ್ತದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಬಗೆಯ ಹಕ್ಕಿಗಳ ಏರಿಳಿತ ಹೇಳಿತು. ಅದಕ್ಕೆ ಆಧಾರ 30,000ಕ್ಕೂ ಹೆಚ್ಚು ಹವ್ಯಾಸಿಗಳು ಹಾಕಿದ ಸುಮಾರು 3 ಕೋಟಿ ದಾಖಲೆಗಳು. ಅದರಲ್ಲಿ ನಿಮ್ಮ ಭಾನುವಾರವೂ ಸೇರಿದರೆ ಸಂತೋಷ. ಆದರೆ ನಿಮ್ಮೂರ ಕೆರೆಗೆ ಬೇಕಾದದ್ದು ಆ ಲೆಕ್ಕವನ್ನು ಕಾಗದದ ಮೇಲೆ ಇಳಿಸಿ, ಪಂಚಾಯಿತಿ ಮೆಟ್ಟಿಲು ಹತ್ತುವವರು.

ಅಂಕಸಮುದ್ರದ ಕಥೆ ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೆರೆ, ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ. ಒಳಗೆ ಕರಿಜಾಲಿ ಮರಗಳು, ಅವುಗಳ ಮೇಲೆ ಹಕ್ಕಿಗಳ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಪಟ್ಟಿಗೆ ಒಂಬತ್ತು ಮಾನದಂಡಗಳಿವೆ. ಅದರಲ್ಲಿ ಎರಡು ನೇರ ಹಕ್ಕಿ ಎಣಿಕೆಯ ಮೇಲೇ ನಿಂತಿವೆ: ನಿಯಮಿತವಾಗಿ 20,000 ನೀರುಹಕ್ಕಿ ಬರುತ್ತವಾ, ಅಥವಾ ಒಂದು ಬಗೆಯ ಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟು ಇಲ್ಲಿ ಇರುತ್ತವಾ. ಎಣಿಸಿದವರು ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಕೆರೆ ರಾಮ್ಸಾರ್ ಆಗಬೇಕು ಅಂತಲ್ಲ. ಅದು ಕೆರೆಯಾಗಿ ಉಳಿದರೆ ಸಾಕು, ಅಲ್ವಾ?

ಅದಕ್ಕೆ ಹಕ್ಕಿಯ ಲೆಕ್ಕದ ಜೊತೆ ನೀರಿನ ಲೆಕ್ಕವೂ ಬೇಕು. ತೂಬಿನ ಹತ್ತಿರ ಒಂದು ಕಲ್ಲಿಗೆ ಸುಣ್ಣ ಬಳಿಯಿರಿ. ತಿಂಗಳ ಮೊದಲ ಭಾನುವಾರ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಒಂದು ಫೋಟೋ. ಒಂದು ವರ್ಷದಲ್ಲಿ ಹನ್ನೆರಡು. ನೀರು ಎಲ್ಲಿಗೆ ಇಳಿಯಿತು, ಯಾವ ಮೂಲೆಯಲ್ಲಿ ಮಣ್ಣು ಬಿತ್ತು, ಬಳ್ಳಾರಿ ಜಾಲಿ ಎಷ್ಟು ಒಳಗೆ ಬಂತು, ಎಲ್ಲ ಅದರಲ್ಲಿ ಕಾಣುತ್ತದೆ. (ಮೆಕ್ಸಿಕೊ ಕಡೆಯ ಗಿಡಕ್ಕೆ ನಮ್ಮ ಬಳ್ಳಾರಿ ಹೆಸರು ಅಂಟಿದೆ ನೋಡಿ, ಪಾಪ.)

ಹಿಂದಿನದ್ದು ಬೇಕಾದರೆ ಉಪಗ್ರಹದ ಚಿತ್ರ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ 10 ಮೀಟರ್ ವಿವರದಲ್ಲಿ, ಸುಮಾರು ಐದು ದಿನಕ್ಕೊಮ್ಮೆ, ಪುಕ್ಕಟೆ ಸಿಗುತ್ತದೆ. ಗ್ಲೋಬಲ್ ಸರ್ಫೇಸ್ ವಾಟರ್ ಅನ್ನುವ ನಕ್ಷೆ 1984ರಿಂದ ಈಚೆಗೆ ಯಾವ ಜಾಗದಲ್ಲಿ ನೀರು ನಿಂತಿತ್ತು, ಯಾವಾಗ ಹೋಯಿತು ಅಂತ ತೋರಿಸುತ್ತದೆ. ಮೊದಲ ಸಲ ತೆರೆದಾಗ ನಾನು ರಾಯಚೂರಿನಿಂದ ಸಂಡೂರಿನವರೆಗೆ ಗೊತ್ತಿರುವ ಕೆರೆಗಳನ್ನೆಲ್ಲ ಹುಡುಕುತ್ತಾ ರಾತ್ರಿ ಎರಡು ಗಂಟೆ ಮಾಡಿದೆ. ಚಿಕ್ಕ ಕೆರೆಗಳು ಅದರಲ್ಲಿ ಅಷ್ಟು ಸ್ಪಷ್ಟ ಇಲ್ಲ, ಒಂದು ಚುಕ್ಕಿ ಅಂದರೆ 30 ಮೀಟರ್. ಹಾಗೇ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಕೆರೆ ಅಂಗಳದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಹೇಳುತ್ತದೆ. ಹತ್ತಿ ಬೆಳೆದಿರುವ ಜಾಗ ಕೆರೆಯ ನಂಬರಿನಲ್ಲೇ ಇದ್ದರೆ ನಿಮಗೇ ಗೊತ್ತಾಗುತ್ತದೆ. ಆದರೆ ಅದು ಅಂದಾಜು, ಅಳತೆಯ ದಾಖಲೆ ಅಲ್ಲ. ಅದನ್ನು ತೋರಿಸಿ ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡಿ. ಸರ್ವೆ ಮಾಡಿಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಇನ್ನೊಂದು ಬಾಗಿಲೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲಾತಿ ಪುಸ್ತಕವೂ ಇರಬೇಕು. ಹೋಗಿ ಕೇಳಿ. ನಾನು ನೋಡಿದ ಒಂದು ಪುಸ್ತಕದಲ್ಲಿ ಬಯಲುಸೀಮೆಯ ಹಳ್ಳಿಗೆ ಮಲೆನಾಡಿನ ಮರಗಳ ಹೆಸರು ಬರೆದಿದ್ದರು, ಎಲ್ಲಿಂದಲೋ ನಕಲು. ನಿಮ್ಮದೂ ಹಾಗೇ ಇದ್ದರೆ ಸಿಟ್ಟಾಗಬೇಡಿ. ಒಂದು ವರ್ಷದ ಪಟ್ಟಿ, ಹನ್ನೆರಡು ಫೋಟೋ ಸೇರಿಸಿ ನಾಲ್ಕು ಪುಟ ಮಾಡಿ, ಗ್ರಾಮಸಭೆಯಲ್ಲಿ ಓದಿ, ಪುಸ್ತಕಕ್ಕೆ ಸೇರಿಸಲು ಹೇಳಿ. ಹಕ್ಕಿಗಳಿಗೆ ನಿಮ್ಮೂರ ಹೆಸರುಗಳನ್ನೇ ಬರೆಯಿರಿ. ಹುಡುಗರ ಫೋಟೋಗೆ ತಲೆ ಕೆಡಿಸಿಕೊಳ್ಳದ ಸದಸ್ಯರು ‘ಹೋದ ನವೆಂಬರಿನಲ್ಲಿ 140, ಈ ವರ್ಷ 30’ ಅನ್ನುವ ಸಾಲಿಗೆ ತಲೆ ಎತ್ತುತ್ತಾರೆ. ಬೆಳೆ ಲೆಕ್ಕ, ನೀರಿನ ಲೆಕ್ಕದಲ್ಲಿ ಬೆಳೆದ ಜನ ಅವರು.

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತ 2013ರಿಂದ ಸೇರಿದೆ. ನಿಮ್ಮ ಕಾಲೇಜಿನವರನ್ನು ಎಳೆದು ತರಲು ಅದು ಒಳ್ಳೆಯ ನೆಪ. ಬಂದವರಲ್ಲಿ ಇಬ್ಬರು ಮಾರ್ಚ್‌ನಲ್ಲೂ ಉಳಿದರೆ ಗೆದ್ದಂತೆ. ಮಾರ್ಚ್ ಬಿಸಿಲಲ್ಲಿ, ಅದೂ ನಮ್ಮ ಕಡೆ, ಹೆಬ್ಬಾತು ಹೋದ ಖಾಲಿ ಕೆರೆಯ ಏರಿಯ ಮೇಲೆ ನಿಂತು ನಾಮದ ಕೋಳಿ ಎಣಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಕೊನೆಗೆ ಕ್ಯಾಮೆರಾ. ಬೇಡ. ಆ ದುಡ್ಡಿನಲ್ಲಿ ಸಣ್ಣ ಪಾಲು ಸಾಕು, ಐದೂ ಜನ ಸೇರಿ ಒಂದು ದುರ್ಬೀನು ಕೊಳ್ಳಿ. 8x42 ಅಂತ ಬರೆದದ್ದು ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಐವತ್ತು ಪಟ್ಟು, ನೂರು ಪಟ್ಟು ಅಂತ ಹೇಳಿ ಮಾರುವವರ ಹತ್ತಿರ ಹೋಗಬೇಡಿ, ಕೈ ನಡುಗಿ ಏನೂ ಕಾಣುವುದಿಲ್ಲ. ಕೊರಳ ಪಟ್ಟಿಯ ಅಕ್ಷರ ಹಿಡಿಯಬೇಕಾದರೆ ದುರ್ಬೀನಿನ ಕಣ್ಣಿಗೆ ಮೊಬೈಲ್ ಕ್ಯಾಮೆರಾ ಒತ್ತಿ ಹಿಡಿಯಿರಿ. ಹತ್ತು ಸಲದಲ್ಲಿ ಒಂದು ಸಲ ಸರಿಯಾಗಿ ಬರುತ್ತದೆ.